‘ಕರೆಂಟು ಕಮ್ಮಿ’ ಎಂದರೇನು? – ಒಂದು ಪದದ ವಿಮರ್ಶೆ

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆಯ ಒಂದು ರಾತ್ರಿ ಹಾಸನದ ಮನೆಯಲ್ಲಿ ಕುಳಿತು ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಅರಕಲಗೂಡು ತಾಲ್ಲೂಕಿನ ನಮ್ಮ ಜಮೀನಿನಿಂದ ಅಣ್ಣ ಫೋನ್ ಮಾಡಿದರು. ಶುಂಠಿಗೆ ನೀರು ಹಾಯಿಸಲು ಹೋಗಿದ್ದರು. “ಕರಂಟು ಬಾಳ ಕಮ್ಮಿ ಐತೆ ಕಣಪ್ಪ. ಮೋಟ್ರು ಗುಂಯ್ ಅಂತೈತೆ, ನೀರು ಸರಿಯಾಗಿ ಎತ್ತುತಾ ಇಲ್ಲ. ಸ್ಟಾರ್ಟರ್ ಬೇರೆ ಬೀಳ್ತಾನೇ ಐತೆ. ಓಡಿಸ್ಲಾ, ನಿಲ್ಲಿಸ್ಲಾ?” ಎಂದರು. ನನ್ನ ಗಮನ ಪತ್ರಿಕೆಗಳ ಮೇಲಿತ್ತು. “ಕರೆಂಟು ಕಮ್ಮಿ ಅಂದ್ಮೇಲೆ ಏನ್ ಸುಡುತ್ತೆ ಅಣ್ಣ? ಓಡ್ಲಿ ಬಿಡು” ಎಂದುಬಿಟ್ಟೆ. ಅಣ್ಣ ಸ್ಟಾರ್ಟರ್‌ನ ರಿಲೇಯನ್ನು ಮೇಲಕ್ಕೆ ತಿರುಗಿಸಿ ಮೋಟರ್ ಓಡಿಸಿದರು. ಬೆಳಗಾಗುವಷ್ಟರಲ್ಲಿ ಮೋಟರ್ ಸುಟ್ಟಿತ್ತು.

ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಓಮನ ನಿಯಮವನ್ನು ವರ್ಷಗಟ್ಟಲೆ ಪಾಠ ಮಾಡಿದವನು ಕೊಟ್ಟ ಸಲಹೆ ಇದು. ನನಗೆ ವಿಷಯ ತಿಳಿಯದೆ ಹೀಗಾಗಲಿಲ್ಲ. ಆ ಕ್ಷಣದಲ್ಲಿ ಪದವೊಂದು ನನ್ನನ್ನು ದಾರಿ ತಪ್ಪಿಸಿತು. ಅಣ್ಣ ‘ಕರೆಂಟು’ ಎಂದದ್ದು ವೋಲ್ಟೇಜನ್ನು ಕುರಿತು. ನಾನು ಕೇಳಿಸಿಕೊಂಡದ್ದು ಪಠ್ಯಪುಸ್ತಕದ ಕರೆಂಟನ್ನು. ಅಂದು ರಾತ್ರಿ ಆ ಮೋಟರ್‌ನಲ್ಲಿ ಪಠ್ಯಪುಸ್ತಕದ ಕರೆಂಟು ಕಮ್ಮಿಯಾಗಿರಲೇ ಇಲ್ಲ, ಮಿತಿಮೀರಿ ಹೆಚ್ಚಾಗಿತ್ತು. ಆದ್ದರಿಂದ ಈ ಪದ ಎಲ್ಲಿಂದ ಬಂತು, ಹೇಗೆ ಅರ್ಥ ಬದಲಿಸಿತು, ನಮ್ಮ ತರಗತಿಗಳಲ್ಲಿ ಮತ್ತು ಹೊಲಗಳಲ್ಲಿ ಏನು ಮಾಡುತ್ತಿದೆ ಎಂಬುದನ್ನು ಪರಿಶೀಲಿಸುವುದು ಅಗತ್ಯವೆನಿಸಿದೆ.

ಓಡುವುದು ಎಂಬ ಮೂಲ

‘ಕರೆಂಟ್’ ಎಂಬ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ಕುರ್ರೆರೆ’. ಹಾಗೆಂದರೆ ಓಡು. ಅದು ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು, 14ನೆಯ ಶತಮಾನದ ಹೊತ್ತಿಗೆ ಹರಿಯುವ ನೀರಿಗೆ ಸಲ್ಲುವ ಮಾತಾಗಿತ್ತು. ಇದೇ ಬೇರಿನ ಸಂತಾನ ದೊಡ್ಡದು. ಪತ್ರ ಹೊತ್ತು ಓಡುವವನು ಕೊರಿಯರ್. ಕಂಪ್ಯೂಟರ್ ಪರದೆಯ ಮೇಲೆ ಓಡಾಡುವ ಗುರುತು ಕರ್ಸರ್. ವಿದ್ಯಾರ್ಥಿಗಳನ್ನು ಓಡಿಸುವ ‘ಕರಿಕ್ಯುಲಮ್’ ಕೂಡ ಮೂಲದಲ್ಲಿ ಓಟ ಅಥವಾ ಓಟದ ಪಥವೇ. ಆದರೆ ಕೇಕಿಗೆ ಹಾಕುವ ಸಣ್ಣ ಒಣದ್ರಾಕ್ಷಿಯ ಹೆಸರಾದ ‘ಕರಂಟ್’ಗೂ ಇದಕ್ಕೂ ನಂಟಿಲ್ಲ. ಅದು ಗ್ರೀಸಿನ ಕೊರಿಂಥ್ ಪಟ್ಟಣದ ಹೆಸರಿನಿಂದ ಬಂದದ್ದು. ಕಿವಿಗೆ ಒಂದೇ ಎನಿಸಿದ ಮಾತ್ರಕ್ಕೆ ಮೂಲ ಒಂದೇ ಆಗಬೇಕಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಓಡುವುದು ಎಂಬ ಅರ್ಥದಿಂದ ಇಂಗ್ಲಿಷಿನಲ್ಲಿ ಎರಡು ಕವಲುಗಳು ಹೊರಟವು. ಕೈಯಿಂದ ಕೈಗೆ ಓಡುವ ಹಣ ‘ಕರೆನ್ಸಿ’ಯಾಯಿತು. ಈಗ ಓಡುತ್ತಿರುವ ಕಾಲ, ಅಂದರೆ ಸದ್ಯದ್ದು ಎಂಬ ಅರ್ಥವೂ ‘ಕರೆಂಟ್’ಗೆ ಬಂತು. ಬ್ಯಾಂಕಿನ ಕರೆಂಟ್ ಅಕೌಂಟ್, ಸ್ಪರ್ಧಾತ್ಮಕ ಪರೀಕ್ಷೆಗಳ ಕರೆಂಟ್ ಅಫೇರ್ಸ್ ಈ ಎರಡನೆಯ ಕವಲಿನವು.

ಇಲ್ಲಿ ಕನ್ನಡವನ್ನು ಗಮನಿಸಬೇಕು. ನಾವು ಕರೆಂಟ್ ಅಕೌಂಟನ್ನು ‘ಚಾಲ್ತಿ ಖಾತೆ’ ಎನ್ನುತ್ತೇವೆ. ಕರೆಂಟ್ ಅಫೇರ್ಸನ್ನು ‘ಪ್ರಚಲಿತ ವಿದ್ಯಮಾನ’ ಎನ್ನುತ್ತೇವೆ. ಹಣ ‘ಚಲಾವಣೆ’ಯಲ್ಲಿದೆ ಎನ್ನುತ್ತೇವೆ. ಮೂರರಲ್ಲೂ ಇರುವುದು ‘ಚಲ್’, ಅಂದರೆ ಚಲಿಸು ಎಂಬ ಧಾತು. ಲ್ಯಾಟಿನ್ ಓಟದಿಂದ ಪಡೆದ ಅರ್ಥಗಳನ್ನು ನಾವು ಚಲನೆಯಿಂದ ಪಡೆದಿದ್ದೇವೆ. ನಮ್ಮ ಭಾಷೆಗೆ ಈ ಕಲ್ಪನೆ ಹೊಸದೇನಲ್ಲ. ಇನ್ನು ‘ಕರೆನ್ಸಿ’ ಪದವನ್ನು ನಮ್ಮ ಜನ ತಮ್ಮದೇ ರೀತಿಯಲ್ಲಿ ದುಡಿಸಿಕೊಂಡರು. ಮೊಬೈಲ್ ಫೋನುಗಳು ಹೊಸದಾಗಿ ಬಂದಾಗ ಚನ್ನರಾಯಪಟ್ಟಣದ ಅಂಗಡಿಯಲ್ಲಿ ‘ಕರೆನ್ಸಿ ಹಾಕಿಸುವುದು’ ಎಂದರೆ ಮಾತನಾಡುವ ಅವಕಾಶವನ್ನು ಕೊಳ್ಳುವುದು ಎಂದೇ ಅರ್ಥ. ಹೀಗೆ ಕರೆಂಟು, ಕರೆನ್ಸಿ ಎಂಬ ಒಂದೇ ಬೇರಿನ ಪದಗಳೆರಡೂ ನಮ್ಮಲ್ಲಿ ‘ಖಾಲಿಯಾಗುವ’ ಅಥವಾ ‘ಹೋಗುವ’ ವಸ್ತುಗಳಾದವು. ತೊಂದರೆ ಇರುವುದು ಇಲ್ಲಿಯೇ.

ಆಂಪೇರನ ಜೋಡಿ ಪದಗಳು

ವಿದ್ಯುತ್ತಿಗೆ ಈ ಪದ ಅಂಟಿದ್ದು ಹೇಗೆ? 18ನೆಯ ಶತಮಾನದ ವಿಜ್ಞಾನಿಗಳು ವಿದ್ಯುತ್ತನ್ನು ಒಂದು ಸೂಕ್ಷ್ಮ ದ್ರವವೆಂದು ಭಾವಿಸಿದ್ದರು. ದ್ರವವೆಂದ ಮೇಲೆ ಹರಿವು ಇರಲೇಬೇಕಲ್ಲ! 1800ರಲ್ಲಿ ವೋಲ್ಟಾ ತನ್ನ ವಿದ್ಯುತ್ಕೋಶದ ಕಂಬವನ್ನು ಪ್ರಕಟಿಸಿದ ಮೇಲೆ ನಿರಂತರ ಹರಿವು ಸಾಧ್ಯವಾಯಿತು. 1820ರಲ್ಲಿ, ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿ ತಿರುಗುತ್ತದೆಂದು ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದ. ಅದೇ ವರ್ಷ ಪ್ಯಾರಿಸಿನಲ್ಲಿ ಆಂಪೇರ್ ಎರಡು ಪರಿಕಲ್ಪನೆಗಳನ್ನು ಖಚಿತವಾಗಿ ಬೇರ್ಪಡಿಸಿದ. ಒಂದು ವಿದ್ಯುತ್ ‘ಟೆನ್ಷನ್’, ಅಂದರೆ ಬಿಗಿತ. ಇನ್ನೊಂದು ವಿದ್ಯುತ್ ‘ಕರೆಂಟ್’, ಅಂದರೆ ಹರಿವು. ಮಂಡಲ ಮುರಿದಿದ್ದಾಗಲೂ ಕೋಶದ ತುದಿಗಳ ನಡುವೆ ಬಿಗಿತ ಇರುತ್ತದೆ. ಮಂಡಲ ಪೂರ್ಣವಾದಾಗ ಮಾತ್ರ ಹರಿವು ಉಂಟಾಗುತ್ತದೆ. ಇಂದಿನ ಮಾತಿನಲ್ಲಿ ಮೊದಲನೆಯದನ್ನು ವೋಲ್ಟ್‌ನಲ್ಲೂ ಎರಡನೆಯದನ್ನು ಆಂಪೇರ್‌ನಲ್ಲೂ ಅಳೆಯುತ್ತೇವೆ.

ಆಂಪೇರನ ಈ ಎರಡು ಪದಗಳೂ ನಮ್ಮ ಹಳ್ಳಿಗಳಿಗೆ ಬಂದಿವೆ ಎಂಬುದು ಸ್ವಾರಸ್ಯಕರ. ಹೊಲದ ಮೇಲೆ ಹಾದುಹೋಗುವುದು ‘ಹೈ ಟೆನ್ಷನ್ ಲೈನು’. ಮನೆಯೊಳಗೆ ಉರಿಯುವುದು ‘ಕರೆಂಟು’. ಬಂದಮೇಲೆ ಎರಡೂ ತಮ್ಮ ಅರ್ಥವನ್ನು ಕಳೆದುಕೊಂಡವು. ಟೆನ್ಷನ್ ಎಂಬುದು ಮಗಳ ಪರೀಕ್ಷೆಯ ಹಿಂದಿನ ದಿನ ತಂದೆಗೆ ಆಗುವ ಸಂಕಟವಾಯಿತು. ಕರೆಂಟು ಎಂಬುದು ವಿದ್ಯುತ್ತಿಗೆ ಸಂಬಂಧಿಸಿದ ಎಲ್ಲದರ ಹೆಸರಾಯಿತು.

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾಗಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಯಿತು. 1905ರಲ್ಲಿ ಬೆಂಗಳೂರಿಗೆ ಬಂತು. ಕಿಟೆಲ್ಲರ ಕನ್ನಡ ನಿಘಂಟು ಪ್ರಕಟವಾದದ್ದು 1894ರಲ್ಲಿ. ಅಂದರೆ ಆ ದೀಪಗಳಿಗಿಂತ ಮೊದಲೇ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ವಸ್ತು ಬೇಗ ಬಂತು, ವಿವರಣೆ ತಡವಾಗಿ ಬಂತು. ಜನ ಕಾಯಲಿಲ್ಲ, ಕೇಳಿದ ಮಾತಿಗೆ ಒಂದು ‘ಉ’ಕಾರ ಸೇರಿಸಿ ಬಸ್ಸು, ಕಾರು ಎಂಬಂತೆ ಕರೆಂಟು ಎಂದರು. ಅದು ಇಂದು ವಿಭಕ್ತಿ ಪ್ರತ್ಯಯಗಳನ್ನೆಲ್ಲ ಹಚ್ಚಿಕೊಂಡ ಅಚ್ಚ ಕನ್ನಡ ಪದ.

ಹಾಗಾದರೆ ಆಕ್ಷೇಪ ಏನು?

ಜನ ಮಾತನಾಡುವ ರೀತಿಯ ಬಗ್ಗೆ ನನಗೆ ಆಕ್ಷೇಪವಿಲ್ಲ. ‘ಕರೆಂಟು ಹೋಯಿತು’ ಎನ್ನುವವರನ್ನು ತಿದ್ದಲು ಹೋಗುವುದು ವ್ಯರ್ಥ ಪಾಂಡಿತ್ಯ. ‘ವಿದ್ಯುತ್’ ಎಂಬ ಶಿಷ್ಟ ಪದಕ್ಕೂ ಮೂಲದಲ್ಲಿ ಮಿಂಚು ಎಂಬುದೇ ಅರ್ಥ. ‘ಎಲೆಕ್ಟ್ರಿಸಿಟಿ’ ಎಂಬ ಪದ ಹುಟ್ಟಿದ್ದು ಗ್ರೀಕ್ ಭಾಷೆಯಲ್ಲಿ ಶಿಲಾರಾಳಕ್ಕಿದ್ದ ಹೆಸರಿನಿಂದ. ಪದಗಳು ಹೀಗೆಯೇ ಬೆಳೆಯುತ್ತವೆ. ನನ್ನ ಆಕ್ಷೇಪ ಇರುವುದು ನಮ್ಮ ಬಗ್ಗೆ, ಅಂದರೆ ಪಾಠ ಹೇಳುವವರ, ಪುಸ್ತಕ ಬರೆಯುವವರ, ಸುದ್ದಿ ಬರೆಯುವವರ ಬಗ್ಗೆ. ಒಂದೇ ಪದ ಮೂರು ಭಿನ್ನ ಪರಿಮಾಣಗಳನ್ನು ಹೊತ್ತು ತಿರುಗುತ್ತಿದ್ದರೂ ನಾವು ಅದನ್ನು ಎದುರಿಸಲಿಲ್ಲ. ಅದನ್ನು ಹೊರಗೆ ನಿಲ್ಲಿಸಿ, ಒಳಗೆ ‘ವಿದ್ಯುತ್ ಪ್ರವಾಹ’, ‘ವಿಭವಾಂತರ’ ಎಂಬ ಪದಗಳನ್ನು ಕೊಟ್ಟು ಕೈತೊಳೆದುಕೊಂಡೆವು. ಹುಡುಗ ಪರೀಕ್ಷೆಯಲ್ಲಿ ವಿಭವಾಂತರ ಎಂದು ಬರೆಯುತ್ತಾನೆ. ತೋಟಕ್ಕೆ ಹೋದೊಡನೆ ಕರೆಂಟು ಎನ್ನುತ್ತಾನೆ. ಎರಡೂ ಪದಗಳು ಅವನ ತಲೆಯಲ್ಲಿ ಭೇಟಿಯಾಗುವುದೇ ಇಲ್ಲ.

ಮೂರು ಬಳಕೆಗಳನ್ನು ನೋಡಿ. ‘ಈ ತಂತಿಯಲ್ಲಿ ಕರೆಂಟಿದೆ, ಮುಟ್ಟಬೇಡ’ – ಇಲ್ಲಿ ಕರೆಂಟು ಎಂದರೆ ವೋಲ್ಟೇಜು. ‘ಫ್ರಿಜ್ಜು ತುಂಬಾ ಕರೆಂಟು ತಿನ್ನುತ್ತದೆ’ – ಇಲ್ಲಿ ಕರೆಂಟು ಎಂದರೆ ಶಕ್ತಿ. ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್-ಗಂಟೆ, ಅಂದರೆ 36 ಲಕ್ಷ ಜೂಲ್. ‘ಕರೆಂಟು ಹೊಡೆಯಿತು’ – ಇಲ್ಲಿ ಮಾತ್ರ ನಿಜವಾದ ಹರಿವಿದೆ. ದೇಹದ ಮೂಲಕ ಹರಿದದ್ದರಿಂದಲೇ ಹೊಡೆತ.

‘ತಿನ್ನುತ್ತದೆ’ ಎಂಬ ಮಾತಿನ ಪರಿಣಾಮವನ್ನು ತರಗತಿಯಲ್ಲಿ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಟಾರ್ಚ್ ಬಲ್ಬುಗಳನ್ನು ಸಾಲಾಗಿ ಜೋಡಿಸಿ ಎರಡು ಸೆಲ್‌ಗಳಿಗೆ ಕೊಡಿ. ಯಾವುದು ಹೆಚ್ಚು ಬೆಳಗುತ್ತದೆ ಎಂದು ಜೋಡಿಸುವ ಮೊದಲೇ ಕೇಳಿ. ‘ಮೊದಲನೆಯದು, ಎರಡನೆಯದಕ್ಕೆ ಉಳಿದ ಕರೆಂಟು ಮಾತ್ರ ಸಿಗುತ್ತದೆ’ ಎಂಬ ಉತ್ತರ ತಪ್ಪದೆ ಬರುತ್ತದೆ. ಪದವಿ ತರಗತಿಯಲ್ಲೂ ಬರುತ್ತದೆ. ಜೋಡಿಸಿದರೆ ಎರಡೂ ಸಮನಾಗಿ ಬೆಳಗುತ್ತವೆ. ಬಲ್ಬು ಕರೆಂಟನ್ನು ತಿನ್ನುವುದಿಲ್ಲ. ಎಷ್ಟು ಒಳಹೋಗುತ್ತದೋ ಅಷ್ಟೇ ಹೊರಬರುತ್ತದೆ. ಬಲ್ಬಿನಲ್ಲಿ ರೂಪಾಂತರವಾಗುವುದು ಶಕ್ತಿ.

ಇನ್ನೊಂದು ಮಾತು. ‘ಓಡುವುದು’ ಎಂಬ ಹೆಸರು ಹೊತ್ತ ಈ ವಸ್ತು ನಿಜಕ್ಕೂ ಓಡುತ್ತದೆಯೇ? ಒಂದು ಆಂಪೇರ್ ಎಂದರೆ ಒಂದು ಬಿಂದುವಿನಲ್ಲಿ ಸೆಕೆಂಡಿಗೆ ಸುಮಾರು 62,400 ಕೋಟಿ ಕೋಟಿ ಎಲೆಕ್ಟ್ರಾನುಗಳು ದಾಟುವುದು. ಆದರೆ ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಅಷ್ಟು ಹರಿವಿಗೆ ಎಲೆಕ್ಟ್ರಾನುಗಳ ಸರಾಸರಿ ಮುನ್ನಡೆ ಸೆಕೆಂಡಿಗೆ ಮಿಲಿಮೀಟರಿನ ಸುಮಾರು ಹದಿನಾಲ್ಕನೇ ಒಂದು ಭಾಗ. ಬಸವನ ಹುಳು ಇದಕ್ಕಿಂತ ವೇಗಿ! ಮನೆಗೆ ಬರುವ ಪರ್ಯಾಯ ವಿದ್ಯುತ್ತಿನಲ್ಲಂತೂ ಅವು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗಾಡುತ್ತವೆ, ಅಷ್ಟೆ. ಶಿವನಸಮುದ್ರದ ಯಾವ ಎಲೆಕ್ಟ್ರಾನೂ ನಮ್ಮ ಮನೆಗೆ ಬಂದಿಲ್ಲ. ಸ್ವಿಚ್ಚು ಒತ್ತಿದೊಡನೆ ದೀಪ ಹೊತ್ತುವುದು ಏಕೆಂದರೆ ತಂತಿಯುದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ತುಂಬಿವೆ. ಅವನ್ನು ತಳ್ಳುವ ಕ್ಷೇತ್ರದ ಸಂದೇಶ ಮಾತ್ರ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಸಾಗುತ್ತದೆ.

ಹೇಮಾವತಿ ಕಲಿಸುವ ಪಾಠ

ನಮ್ಮ ಜನಕ್ಕೆ ಈ ಭೇದಗಳು ಅರ್ಥವಾಗುವುದಿಲ್ಲ ಎಂದು ಹೇಳುವವರಿದ್ದಾರೆ. ಅವರು ಮಳೆಗಾಲದಲ್ಲಿ ಹೊಳೆನರಸೀಪುರದ ಚಹಾ ಅಂಗಡಿಯೊಂದರಲ್ಲಿ ಅರ್ಧ ಗಂಟೆ ಕೂರಬೇಕು. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ ಎಂಬುದು ಅಲ್ಲಿ ಕೂತ ರೈತರಿಗೆ ಬಾಯಿಪಾಠ. ಇಂದಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯುಸೆಕ್, ಹೊರಹರಿವು ಎಷ್ಟು, ಒಟ್ಟು ಸಂಗ್ರಹ ಎಷ್ಟು ಎಂದು ಪತ್ರಿಕೆಯಲ್ಲಿ ಓದಿ ಲೆಕ್ಕ ಹಾಕುತ್ತಾರೆ. ಮಟ್ಟವನ್ನು ಕ್ಯುಸೆಕ್‌ನಲ್ಲಿ ಹೇಳಿದರೆ ನಗುತ್ತಾರೆ. ಸೆಕೆಂಡಿಗೆ ಸಾವಿರ ಘನ ಅಡಿಯಂತೆ ನಾಲೆಗೆ ಬಿಟ್ಟರೆ ಒಂದು ಟಿಎಂಸಿ ಮುಗಿಯಲು ಹನ್ನೊಂದೂವರೆ ದಿನ ಬೇಕೆಂಬ ಅಂದಾಜು ಅವರಿಗಿದೆ. ಎಡದಂಡೆ ನಾಲೆಯ ಕೊನೆಯ ಭಾಗದ ರೈತನಿಗೆ, ಅಣೆಕಟ್ಟೆಯಲ್ಲಿ ಮಟ್ಟವಿದ್ದರೂ ತನ್ನ ತೂಬಿನಲ್ಲಿ ಹರಿವಿಲ್ಲದಿರುವುದು ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಮಟ್ಟ, ಹರಿವು, ಸಂಗ್ರಹ – ಈ ಮೂರು ಪದಗಳೇ ವಿದ್ಯುತ್ತಿಗೂ ಸಾಕು. ಮಟ್ಟಗಳ ವ್ಯತ್ಯಾಸವೇ ವೋಲ್ಟ್, ಹರಿವು ಆಂಪೇರ್, ಸಂಗ್ರಹವು ಇನ್ವರ್ಟರ್ ಬ್ಯಾಟರಿಯ ಮೇಲೆ ಬರೆದಿರುವ ಆಂಪೇರ್-ಗಂಟೆ. 150 ಆಂಪೇರ್-ಗಂಟೆಯ ಬ್ಯಾಟರಿ 10 ಆಂಪೇರ್ ಹರಿವನ್ನು ಸುಮಾರು 15 ಗಂಟೆ ಕೊಡಬಲ್ಲದು. ನೀರಿನ ಹೋಲಿಕೆಗೂ ಮಿತಿಯುಂಟು. ನಾಲೆಯ ನೀರು ಊರು ತಲುಪಲು ದಿನಗಳು ಬೇಕು, ತುಂಬಿದ ಕೊಳವೆಯಂತಿರುವ ತಂತಿಗೆ ಬೇಡ. ಮುರಿದ ಕೊಳವೆಯಿಂದ ನೀರು ಸುರಿಯುತ್ತದೆ, ತುಂಡಾದ ತಂತಿಯಿಂದ ಎಲೆಕ್ಟ್ರಾನು ಸುರಿಯುವುದಿಲ್ಲ. ಆದರೂ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮೆಟ್ಟಿಲು ಕಾಣೆ.

ಈ ದೃಷ್ಟಿಯಿಂದ ‘ಪ್ರವಾಹ’ ಎಂಬ ಆಯ್ಕೆಯೂ ಚರ್ಚಾರ್ಹ. ಹೊಳೆಯ ದಂಡೆಯ ಮಗುವಿಗೆ ಪ್ರವಾಹ ಎಂದರೆ ನೆರೆ, ಮನೆಮಠ ಕೊಚ್ಚಿಹೋಗುವ ಆಪತ್ತು. ಆ ಮಗುವಿಗೆ ‘ಅಲ್ಪ ಪ್ರವಾಹ’ ಎಂಬುದು ವಿರೋಧಾಭಾಸದಂತೆ ಕೇಳಿಸುತ್ತದೆ. ಪತ್ರಿಕೆಯ ಜಲಾಶಯದ ಅಂಕಣದಲ್ಲಿ ನಿತ್ಯವೂ ಕಾಣುವ ‘ಹರಿವು’ ಇದಕ್ಕಿಂತ ಸರಳ, ಹೆಚ್ಚು ನಿಖರ. ‘ವಿದ್ಯುಚ್ಛಕ್ತಿ ಪ್ರವಹಿಸಿ ಸಾವು’ ಎಂಬ ಶೀರ್ಷಿಕೆಯಲ್ಲಂತೂ ಶಕ್ತಿ ಮತ್ತು ಹರಿವು ಒಂದರೊಳಗೊಂದು ಸಿಕ್ಕಿಕೊಂಡಿವೆ.

ಪ್ರಾಣದ ಪ್ರಶ್ನೆ

ಇದು ಕೇವಲ ಪದಗಳ ಚರ್ಚೆಯಲ್ಲ. ಟೆಸ್ಟರ್ ಉರಿಯದಿದ್ದರೆ ‘ಇದರಲ್ಲಿ ಕರೆಂಟಿಲ್ಲ’ ಎಂದು ನ್ಯೂಟ್ರಲ್ ತಂತಿಯನ್ನು ಹಿಡಿಯುವವರುಂಟು. ದೀಪ ಉರಿಯುತ್ತಿರುವಾಗ ಫೇಸ್ ತಂತಿಯಲ್ಲಿ ಎಷ್ಟು ಹರಿವಿದೆಯೋ ನ್ಯೂಟ್ರಲ್‌ನಲ್ಲೂ ಅಷ್ಟೇ ಇದೆ. ಇಲ್ಲದಿರುವುದು ಮಟ್ಟ ಮಾತ್ರ. ಎಲ್ಲೋ ಒಂದೆಡೆ ನ್ಯೂಟ್ರಲ್ ತುಂಡಾದರೆ, ಉರಿಯದೆ ನಿಂತ ಬಲ್ಬಿನ ಮೂಲಕವೇ ಆ ‘ಕರೆಂಟಿಲ್ಲದ’ ತಂತಿಗೆ 230 ವೋಲ್ಟ್ ಬಂದು ಕೂರುತ್ತದೆ. ಆಗ ಮುಟ್ಟಿದವನ ದೇಹ ಮಂಡಲವನ್ನು ಪೂರ್ಣಗೊಳಿಸುತ್ತದೆ.

ಎಷ್ಟು ಹರಿವು ಅಪಾಯಕರ? ಮನೆಗಳಲ್ಲಿ ಪ್ರಾಣರಕ್ಷಣೆಗೆ ಹಾಕುವ ಸೋರಿಕೆ ತಡೆ ಸ್ವಿಚ್ಚು 30 ಮಿಲಿಆಂಪೇರ್ ಸೋರಿದರೆ ಬೀಳುವಂತೆ ಇರುತ್ತದೆ. 100 ಮಿಲಿಆಂಪೇರ್ ಹೃದಯದ ಲಯವನ್ನೇ ಕೆಡಿಸಬಲ್ಲದು. ಹಳೆಯ 60 ವಾಟ್ ಬಲ್ಬಿನಲ್ಲಿ ಹರಿಯುವುದು 260 ಮಿಲಿಆಂಪೇರ್. ಒಂದು ಬಲ್ಬಿಗೆ ಸಾಲುವಷ್ಟು ಹರಿವು ಒಬ್ಬ ಮನುಷ್ಯನನ್ನು ಕೊಲ್ಲಲು ಸಾಕು ಎಂಬುದು ‘ಇಷ್ಟು ಸಣ್ಣ ಕರೆಂಟು ಏನು ಮಾಡೀತು’ ಎನ್ನುವವರಿಗೆ ತಿಳಿದಿರಬೇಕು.

ಆಲೂರು, ಸಕಲೇಶಪುರ, ಅರಕಲಗೂಡು ಭಾಗಗಳಲ್ಲಿ ಕಾಡಾನೆಗಳ ಹಾವಳಿಯಿಂದ ‘ಕರೆಂಟು ಬೇಲಿ’ ಎಂಬ ಮಾತು ಸಾಮಾನ್ಯವಾಗಿದೆ. ಆ ಒಂದೇ ಹೆಸರಿನಡಿ ಎರಡು ಬೇರೆಬೇರೆ ವಸ್ತುಗಳಿವೆ. ಸೌರ ಬೇಲಿಯಲ್ಲಿ ಹಲವು ಸಾವಿರ ವೋಲ್ಟ್ ಇರುತ್ತದೆ. ಆದರೆ ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಹೊತ್ತು ಮಾತ್ರ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಕಂಬದಿಂದ ನೇರವಾಗಿ ಬೇಲಿಗೆ ಕೊಟ್ಟ 230 ವೋಲ್ಟ್ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಅದರ ಹರಿವು ನಿಲ್ಲುವುದಿಲ್ಲ. ಅದು ಆನೆಯನ್ನೂ ಕೊಲ್ಲುತ್ತದೆ, ಕತ್ತಲಲ್ಲಿ ನಡೆದು ಬಂದ ಪಕ್ಕದ ಹೊಲದವನನ್ನೂ ಕೊಲ್ಲುತ್ತದೆ. ಅದು ಅಪರಾಧವೂ ಹೌದು. ವೋಲ್ಟ್ ಬೇರೆ, ಹರಿವು ಬೇರೆ, ಹರಿಯುವ ಅವಧಿ ಬೇರೆ ಎಂದು ತಿಳಿಯದವನಿಗೆ ‘ಸಾವಿರಾರು ವೋಲ್ಟಿನ ಬೇಲಿಯೇ ಕೊಲ್ಲುವುದಿಲ್ಲ, ಇನ್ನೂರ ಮೂವತ್ತು ಏನು ಮಾಡುತ್ತೆ’ ಎನಿಸಿದರೆ ಆಶ್ಚರ್ಯವಿಲ್ಲ.

‘ಕರೆಂಟು ಹೋಗಿದೆ’ ಎಂಬ ಮಾತೂ ಹಾಗೆಯೇ. ಹೋಗಿದೆ ಎಂದು ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಯಾರೋ ಸರಿಯಾದ ಬದಲಿ ಸ್ವಿಚ್ಚಿಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸುತ್ತಾರೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವ ಯಂತ್ರ. ಒಂದು ಕಡೆ ಕೊಟ್ಟ 230 ವೋಲ್ಟ್ ಇನ್ನೊಂದು ಕಡೆ ಸಾವಿರಾರು ವೋಲ್ಟ್ ಆಗಬಲ್ಲದು. ಕರೆಂಟು ಹೋಗುವ, ಬರುವ ನೆಂಟನಲ್ಲ. ಮಟ್ಟದ ವ್ಯತ್ಯಾಸ ಎಲ್ಲಿಂದ ಬಂದರೂ ಅದು ದಾರಿಗಾಗಿ ಕಾಯುತ್ತಿರುತ್ತದೆ.

ಮತ್ತೆ ಅಣ್ಣನ ಮೋಟರ್

ಈಗ ಆ ರಾತ್ರಿಯ ಲೆಕ್ಕ ಮಾಡೋಣ. 5 ಎಚ್‌ಪಿ ತ್ರೀ ಫೇಸ್ ಮೋಟರ್ 415 ವೋಲ್ಟ್ ಇರುವಾಗ ಸುಮಾರು 8 ಆಂಪೇರ್ ಎಳೆಯುತ್ತದೆ. ವೋಲ್ಟೇಜು 320ಕ್ಕೆ ಇಳಿಯಿತೆನ್ನಿ. ನೀರೆತ್ತುವ ಹೊರೆ ಹೆಚ್ಚುಕಡಿಮೆ ಹಾಗೆಯೇ ಇದೆ. ಅಷ್ಟೇ ಕೆಲಸವನ್ನು ಕಡಿಮೆ ವೋಲ್ಟೇಜಿನಲ್ಲಿ ಮಾಡಲು ಮೋಟರ್ ಹೆಚ್ಚು ಹರಿವನ್ನು ಎಳೆಯುತ್ತದೆ – ಸುಮಾರು ಹತ್ತೂವರೆ ಆಂಪೇರ್. ಸುರುಳಿಯಲ್ಲಿ ಹುಟ್ಟುವ ಶಾಖ ಹರಿವಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಸುಮಾರು 1.7 ಪಟ್ಟು ಆಗುತ್ತದೆ. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಅದು ಶೇ. 60ಕ್ಕೆ ಕುಸಿಯುತ್ತದೆ. ಮೋಟರ್ ತಿರುಗಲಾರದೆ ಗುಂಯ್‌ಗುಟ್ಟುತ್ತ ನಿಂತುಬಿಟ್ಟರೆ ಹರಿವು ಹಲವು ಪಟ್ಟು ಏರಿ, ನೋಡನೋಡುತ್ತಲೇ ಸುರುಳಿಯ ನಿರೋಧಕ ಲೇಪ ಕರಗುತ್ತದೆ. ಪದೇ ಪದೇ ಬೀಳುತ್ತಿದ್ದ ಸ್ಟಾರ್ಟರ್ ಕೆಟ್ಟಿರಲಿಲ್ಲ. ಅದರೊಳಗಿನ ಓವರ್‌ಲೋಡ್ ರಿಲೇ ‘ಕರೆಂಟು ಹೆಚ್ಚಾಗಿದೆ’ ಎಂದು ಸರಿಯಾಗಿಯೇ ಹೇಳುತ್ತಿತ್ತು. ‘ಕರೆಂಟು ಕಮ್ಮಿ’ ಎಂದು ನಂಬಿದ ನಾವಿಬ್ಬರೂ ಅದರ ಬಾಯಿ ಮುಚ್ಚಿಸಿದೆವು.

ಇದಕ್ಕೆ ಪರಿಹಾರ ಹೊಸ ಪದಕೋಶವಲ್ಲ. ಪಂಪ್‌ಸೆಟ್ಟಿನ ಪ್ಯಾನೆಲ್ ಬೋರ್ಡಿನ ಮೇಲೆ ಎರಡು ಮೀಟರ್‌ಗಳಿರುತ್ತವೆ. ಒಂದು ವೋಲ್ಟ್ ತೋರಿಸುತ್ತದೆ, ಇನ್ನೊಂದು ಆಂಪೇರ್ ತೋರಿಸುತ್ತದೆ. ನಮ್ಮ ಪ್ರೌಢಶಾಲೆಗಳ ಅಧ್ಯಾಪಕರು ವರ್ಷಕ್ಕೊಮ್ಮೆ ಮಕ್ಕಳನ್ನು ಹತ್ತಿರದ ಪಂಪ್‌ಮನೆಗೆ ಕರೆದೊಯ್ದು, ದೂರದಲ್ಲಿ ನಿಲ್ಲಿಸಿ, ಆ ಎರಡು ಮುಳ್ಳುಗಳನ್ನು ತೋರಿಸಲಿ. ಸಂಜೆ ಎಲ್ಲ ಪಂಪ್‌ಗಳೂ ಓಡುವ ಹೊತ್ತಿನಲ್ಲಿ ಒಂದು ಮುಳ್ಳು ಇಳಿಯುತ್ತಿದ್ದಂತೆ ಇನ್ನೊಂದು ಏರುವುದನ್ನು ಮಕ್ಕಳೇ ನೋಡಲಿ. ಇಳಿದದ್ದು ಮಟ್ಟ, ಏರಿದ್ದು ಹರಿವು ಎಂದು ಹೇಳಿದರೆ ಸಾಕು. ಪಠ್ಯ ಬರೆಯುವವರು ‘ಜನ ಕರೆಂಟು ಎನ್ನುವುದು ಕೆಲವೊಮ್ಮೆ ಇದನ್ನು, ಕೆಲವೊಮ್ಮೆ ಅದನ್ನು’ ಎಂಬ ಒಂದು ವಾಕ್ಯವನ್ನು ಪಾಠದ ಆರಂಭದಲ್ಲಿಯೇ ಸೇರಿಸಲಿ. ಹೊರಗಿನ ಪದಕ್ಕೂ ಒಳಗಿನ ಪದಕ್ಕೂ ಆಗ ಪರಿಚಯವಾಗುತ್ತದೆ.

ಮೋಟರಿಗೆ ರೀವೈಂಡಿಂಗ್ ಆಯಿತು. ಅಣ್ಣ ನನ್ನನ್ನು ಬೈಯಲಿಲ್ಲ. ಅದು ನನಗೆ ಇನ್ನೂ ಭಾರವಾಗಿ ಕಂಡಿತು. ಮುಂದಿನ ಬಾರಿ ಊರಿಗೆ ಹೋದಾಗ ಬೋರ್ಡಿನ ಮುಂದೆ ನಿಂತು ಎರಡು ಮುಳ್ಳುಗಳ ಕಥೆಯನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ ಹೇಳಿದರು: “ಅಂದ್ರೆ, ಕಟ್ಟೇಲಿ ನೀರು ಇಳಿದಾಗ ಜನ ಜಾಸ್ತಿ ತೂಬು ಎತ್ತಿದಂಗೆ.” ಹೋಲಿಕೆ ಪೂರ್ತಿ ಸರಿಯೆಂದು ಹೇಳಲಾರೆ. ಆದರೆ ಈಗ ಅವರು ಫೋನ್ ಮಾಡಿದಾಗ ಕರೆಂಟು ಕಮ್ಮಿ ಎನ್ನುವುದಿಲ್ಲ. “ವೋಲ್ಟು ಮುನ್ನೂರ ಮೂವತ್ತು, ಆಂಪೇರು ಹತ್ತು. ನಿಲ್ಲಿಸಿದೀನಿ” ಎನ್ನುತ್ತಾರೆ.